ನಿದ್ದೆ ಎಲ್ಲಿ ಬಂತು? ಮಕ್ಕಳಿಂದ ಪುಸ್ತಕದ ಅಭಿಪ್ರಾಯ ಬರೆಸುವ ಬಗೆ

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನೀವು ಅದನ್ನು ಮಾಡದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆ ದಂಡೆಯ ಹಳ್ಳಿಯೊಂದರ ಗ್ರಂಥಾಲಯ ನೋಡಿಕೊಳ್ಳುವವಳು ನಾನು. ಬೋರ್ಡಿನ ಮೇಲೆ ಈಗ ಅರಿವು ಕೇಂದ್ರ ಅಂತ ಇದೆ, ಊರವರ ಬಾಯಲ್ಲಿ ಇನ್ನೂ ಲೈಬ್ರರಿಯೇ. ನಾನು ಶಾಲೆಯಲ್ಲಿ ಕಲಿಸುವವಳಲ್ಲ, ಆದರೂ ಮಕ್ಕಳು ಅಕ್ಕೋರೆ ಅಂತಲೇ ಕರೆಯುತ್ತವೆ. ಮೂರು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ 22 ಮಕ್ಕಳಿಗೆ ಒಂದು ಕತೆ ಓದಿಸಿ, ಆಮೇಲೆ ಒಂದು ಫಾರ್ಮು ಜೆರಾಕ್ಸ್ ಮಾಡಿಸಿ ಹಂಚಿದೆ. ಪುಸ್ತಕದ ಹೆಸರು, ಮುಖ್ಯ ಪಾತ್ರ, ಇಷ್ಟವಾದ ಭಾಗ, ಕತೆಯಿಂದ ಕಲಿತ ನೀತಿ. ಎಷ್ಟು ಚಂದದ ಫಾರ್ಮು ಅಂತ ನನಗೇ ಹೆಮ್ಮೆ.

22 ಹಾಳೆಯೂ ವಾಪಸ್ ಬಂದವು. 22ರಲ್ಲೂ ‘ಕತೆ ತುಂಬಾ ಚೆನ್ನಾಗಿದೆ’. 19ರಲ್ಲಿ ‘ಕಷ್ಟಪಟ್ಟರೆ ಫಲ ಸಿಗುತ್ತದೆ’. ಒಬ್ಬ ‘ಪಲ’ ಅಂತ ಬರೆದಿದ್ದ, ಅವನ ಸಾಲಿನಲ್ಲಿ ಕೂತ ಮೂವರದ್ದೂ ‘ಪಲ’ವೇ. ಇಷ್ಟಕ್ಕೂ ಅದು ದಾರಿ ತಪ್ಪಿದ ಒಂದು ಆಮೆಯ ಕತೆ. ಅದರಲ್ಲಿ ಯಾರೂ ಕಷ್ಟಪಟ್ಟಿರಲಿಲ್ಲ. ಆಮೆ ಕೂಡ.

ಆ ಹಾಳೆಗಳನ್ನು ಮನೆಗೆ ತಂದು ರಾತ್ರಿ ನೋಡುತ್ತಾ ಕೂತಾಗ ಅಪ್ಪ ನೆನಪಾದರು. ಅಪ್ಪನಿಗೆ ಯಕ್ಷಗಾನದ ಹುಚ್ಚು. ನಾನು ಸಣ್ಣವಳಿದ್ದಾಗ ರಾತ್ರಿಯಿಡೀ ಬಯಲಾಟ ನೋಡಿ, ಬೆಳಗಿನ ಜಾವ ಗದ್ದೆಯ ಅಂಚಿನ ಮೇಲೆ ನಡೆದು ಬರುತ್ತಿದ್ದೆವು. ಆಟ ಚೆನ್ನಾಗಿತ್ತಾ ಅಂತ ಅವರು ಒಮ್ಮೆಯೂ ಕೇಳಲಿಲ್ಲ. ಕೇಳುತ್ತಿದ್ದದ್ದು ಒಂದೇ: “ನಿಂಗೆ ಎಲ್ಲಿ ನಿದ್ದೆ ಬಂತು?” ಬರಲೇ ಇಲ್ಲ ಅಂದರೆ ನಂಬುತ್ತಿರಲಿಲ್ಲ. ಕೌರವ ಬಂದು ಕೂತಮೇಲೆ ಬಂತು ಅಂದರೆ ಸಾಕು, ಮಾತು ಶುರು. ಭಾಗವತರು ಪದ್ಯ ಎಳೆದರಾ, ಅರ್ಥ ಹೇಳುವವರು ಉದ್ದ ಮಾಡಿದರಾ, ಇಲ್ಲ ನಿನಗೇ ಸಂಜೆ ಊಟ ಜಾಸ್ತಿ ಆಗಿತ್ತಾ? ಮನೆ ಮುಟ್ಟುವಷ್ಟರಲ್ಲಿ ನಾನು ಇಡೀ ಆಟ ಇನ್ನೊಮ್ಮೆ ನೋಡಿರುತ್ತಿದ್ದೆ.

ಮರುವರ್ಷ ಅದೇ ಪ್ರಶ್ನೆಯನ್ನು ಪುಸ್ತಕಕ್ಕೆ ಹಾಕಿದೆ. ಶಾಲೆಯಲ್ಲಿ, ಲೈಬ್ರರಿಯಲ್ಲಿ, ಮನೆ ಜಗಲಿಯಲ್ಲಿ ಮಕ್ಕಳಿಗೆ ಓದಿಸುವವರು ಯಾರಾದರೂ ಮಾಡಬಹುದಾದ ಕೆಲಸ ಇದು. ಖರ್ಚು ಅಂದರೆ ಒಂದು ನೋಟ್‌ಬುಕ್ಕು, ನಾಲ್ಕು ಪೆನ್ಸಿಲ್ಲು.

ಪುಸ್ತಕ ಯಾವುದಿರಲಿ

ನನಗೆ ಸಿಕ್ಕಿದ್ದು ಬೇಸ್‌ಬಾಲ್ ಕಾದಂಬರಿ. ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗ ಊರಿಗೆ ಬಂದಾಗ ಅವನ ಮಗ ಓದಿ ಮುಗಿಸಿದ ಪುಸ್ತಕಗಳನ್ನು ಒಂದು ಚೀಲ ತಂದು ಕೊಟ್ಟ. ಜೊತೆಗೆ ಒಂದು ಚೆಂಡು. ಚೀಲದಲ್ಲಿ ಮೇಲಿದ್ದದ್ದೇ ಇದು. ಹತ್ತು ಹನ್ನೆರಡು ವಯಸ್ಸಿನವರಿಗಾಗಿ ಬರೆದದ್ದು, ಇನ್ನೂರು ಪುಟದ ಒಳಗೆ. ಹೆಸರು ಹೇಳಲು ಹೋಗುವುದಿಲ್ಲ. ಇದೇ ಪುಸ್ತಕ ಹುಡುಕಿಕೊಂಡು ಹೊರಡಬೇಡಿ, ಬೇರೆ ಯಾವುದಾದರೂ ನಡೆಯುತ್ತದೆ.

ಕತೆ ಸಣ್ಣದು. ಒಬ್ಬ ಹುಡುಗ ಊರಿನ ಮಕ್ಕಳ ತಂಡ ಸೇರುತ್ತಾನೆ. ಆಟ ಅಷ್ಟಕ್ಕಷ್ಟೇ. ಅವನ ಹತ್ತಿರ ಇರುವುದು ಅಜ್ಜನ ಹಳೆಯ ಗ್ಲೌಸು. ಅಜ್ಜ ಎಡಗೈಯವರು, ಮೊಮ್ಮಗ ಬಲಗೈಯವನು. ಕೋಚು ಅವನನ್ನು ರೈಟ್ ಫೀಲ್ಡಿಗೆ, ಅಂದರೆ ಬಲಗಡೆಯ ದೂರದ ಮೂಲೆಗೆ ಅಟ್ಟುತ್ತಾನೆ. ಕೊನೆಯ ಮ್ಯಾಚಿನಲ್ಲಿ ಅವನಿಂದ ತಂಡ ಗೆಲ್ಲುತ್ತದೆ. ಹೇಗೆ ಗೆಲ್ಲುತ್ತದೆ ಅನ್ನುವುದೇ ನಮ್ಮಲ್ಲಿ ಎರಡು ದಿನ ಜಗಳಕ್ಕೆ ಕಾರಣವಾಯಿತು. ಅದು ಆಮೇಲೆ.

ನಿಮಗೆ ಆರಿಸಿಕೊಳ್ಳಲು ಅವಕಾಶ ಇದ್ದರೆ ಮಕ್ಕಳಿಗೆ ಪೂರ್ತಿ ಗೊತ್ತಿಲ್ಲದ ಸಂಗತಿಯ ಪುಸ್ತಕ ಆರಿಸಿ. ಕ್ರಿಕೆಟ್ ಕತೆ ಕೊಟ್ಟರೆ ನಮ್ಮ ಹುಡುಗರು ಪುಸ್ತಕ ಬಿಟ್ಟು ಕ್ರಿಕೆಟ್ ಬಗ್ಗೆ ಮಾತಾಡುತ್ತಾರೆ. ಹುಡುಗಿಯರು ಬಾಯಿ ಮುಚ್ಚಿ ಕೂರುತ್ತಾರೆ. ಬೇಸ್‌ಬಾಲ್ ಅಂದರೆ ಎಲ್ಲರೂ ಒಂದೇ ದೋಣಿಯಲ್ಲಿ. ನಾನೂ ಅದೇ ದೋಣಿಯಲ್ಲೇ ಇದ್ದೆ. ಅಕ್ಕೋರಿಗೂ ಗೊತ್ತಿಲ್ಲ ಅಂತ ತಿಳಿದಮೇಲೆ ಮಕ್ಕಳ ಬಾಯಿ ಎಷ್ಟು ಬೇಗ ಬಿಚ್ಚಿಕೊಳ್ಳುತ್ತದೆ ನೋಡಬೇಕು.

ಆಟ ಎಷ್ಟು ಗೊತ್ತಿದ್ದರೆ ಸಾಕು

ಪೂರ್ತಿ ನಿಯಮ ಕಲಿಸಲು ಹೋಗಬೇಡಿ. ಕತೆಯಲ್ಲಿ ಎಲ್ಲಿ ಉಸಿರು ಬಿಗಿ ಹಿಡಿಯಬೇಕು ಅಂತ ಗೊತ್ತಾಗುವಷ್ಟು ಸಾಕು. ಕಪ್ಪುಹಲಗೆ ಮೇಲೆ ಒಂದು ಗಂಟೆ ವಿವರಿಸಿ ನಾನು ಸೋತೆ. ಮರುದಿನ ಹೊರಗೆ ಕರೆದುಕೊಂಡು ಹೋಗಿ ಇಪ್ಪತ್ತು ನಿಮಿಷ ಆಡಿಸಿದೆ, ಆಯಿತು.

ಬ್ಯಾಟಿಗೆ ಏನು ಮಾಡುವುದು? ಬೇಸ್‌ಬಾಲ್ ಬ್ಯಾಟು ಚಪ್ಪಟೆ ಅಲ್ಲ, ಉರುಟು. ಚಿತ್ರ ನೋಡಿದ ಮಕ್ಕಳು ಒನಕೆ ಅಂದರು. ನಿಜವೇ, ಆದರೆ ಒನಕೆ ಎತ್ತಿ ಬೀಸುವುದು ಆಗದ ಮಾತು. ಹೊಳೆ ದಂಡೆಯಲ್ಲಿ ದೋಣಿ ರಿಪೇರಿ ಮಾಡುವವರ ಹತ್ತಿರ ಒಂದು ಮುರಿದ ಹುಟ್ಟು ಇತ್ತು. ಅದರ ಹಿಡಿಯ ಭಾಗ ಎರಡೂವರೆ ಅಡಿ ಕೊಯ್ದು, ಚಕ್ಕೆ ಏಳದ ಹಾಗೆ ಉಜ್ಜಿ ಕೊಟ್ಟರು. ಚೆಂಡು ಟೆನಿಸ್‌ನದ್ದು. ಬೇಸ್‌ಗೆ ಮರಳು ತುಂಬಿದ ಸಿಮೆಂಟ್ ಚೀಲ, ನಾಲ್ಕು.

ಅಕ್ಕನ ಮಗ ತಂದ ನಿಜವಾದ ಚೆಂಡನ್ನು ಆಡಲು ಕೊಡಲಿಲ್ಲ, ಕೈಯಿಂದ ಕೈಗೆ ದಾಟಿಸಿದೆ. ಬಿಳಿ ಚರ್ಮ, ಕೆಂಪು ದಾರ. ಅದರಲ್ಲಿ 108 ಜೋಡಿ ಹೊಲಿಗೆ ಇರುತ್ತದೆ. ಒಬ್ಬಳು ನಂಬದೆ ಎಣಿಸಲು ಕೂತಳು, ಎಲ್ಲಿ ಶುರು ಮಾಡಿದೆ ಅಂತ ಮರೆತು ಮೂರು ಸಲ ಮತ್ತೆ ಎಣಿಸಿದಳು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ 144 ಗ್ರಾಂ ಬಂತು. ಕ್ರಿಕೆಟ್ ಚೆಂಡು 156 ಗ್ರಾಮಿನ ಆಸುಪಾಸು. “ಹಗುರ ಚೆಂಡಿಗೆ ಗ್ಲೌಸು ಬೇಕಾ ಅವರಿಗೆ?” ಅಂತ ಒಬ್ಬ ಕೇಳಿದ. ಇದನ್ನೂ ಬರೆದಿಟ್ಟುಕೊಳ್ಳಿ. ಓದುವ ಮೊದಲು ಬರುವ ಇಂಥ ಮಾತು ಕೂಡ ಅಭಿಪ್ರಾಯವೇ.

ನಾನು ಹೇಳಿದ್ದು ಇಷ್ಟು. ನಾಲ್ಕು ಬೇಸು, ವಜ್ರದ ಆಕಾರ. ಹೊಡೆಯುವವನು ಹೋಮ್‌ನಲ್ಲಿ ನಿಂತು ಹೊಡೆದು, ಬಲಗಡೆಯ ಒಂದನೇ ಬೇಸಿಗೆ ಓಡಬೇಕು. ಹಾಗೆ ಸುತ್ತಿ ಮತ್ತೆ ಹೋಮಿಗೆ ಬಂದರೆ ಒಂದು ರನ್. ಎಸೆಯುವವನು ಪಿಚರ್. ಚೆಂಡು ನೆಲಕ್ಕೆ ಪುಟಿಯುವುದಿಲ್ಲ, ಎಲ್ಲವೂ ಫುಲ್‌ಟಾಸೇ. ದೊಡ್ಡವರ ಆಟದಲ್ಲಿ ಪಿಚರ್ ನಿಲ್ಲುವ ಜಾಗದಿಂದ ಹೋಮಿಗೆ 60 ಅಡಿ 6 ಇಂಚು. ನಮ್ಮ ಕ್ರಿಕೆಟ್ ಪಿಚ್ಚು 22 ಗಜ, ಅಂದರೆ 66 ಅಡಿ. ಬೇಸಿನಿಂದ ಬೇಸಿಗೆ ದೊಡ್ಡವರಿಗೆ 90 ಅಡಿ. ಅಮೆರಿಕದಲ್ಲಿ ಮಕ್ಕಳಿಗೆ ಅಂತಲೇ ಲಿಟಲ್ ಲೀಗ್ ಇದೆ, 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟಿನಲ್ಲಿ ಶುರುವಾದದ್ದು. ಅಲ್ಲಿ ಬೇಸುಗಳ ನಡುವೆ 60 ಅಡಿ, ದೊಡ್ಡವರ ಒಂಬತ್ತು ಇನ್ನಿಂಗ್ಸಿನ ಬದಲು ಆರು. ನಮ್ಮ ಜಾಗ ಅಷ್ಟೂ ಇಲ್ಲ. ನಾವು ಇಪ್ಪತ್ತು ಹೆಜ್ಜೆ ಇಟ್ಟುಕೊಂಡೆವು, ಮೂರನೇ ಬೇಸು ಕಾಲುವೆ ಪಕ್ಕ.

ಬೀಸಿ ತಪ್ಪಿದರೆ ಸ್ಟ್ರೈಕ್. ಹೊಡೆಯುವಂಥ ಚೆಂಡನ್ನು ಸುಮ್ನೆ ಬಿಟ್ಟರೂ ಸ್ಟ್ರೈಕ್. ಮೂರು ಸ್ಟ್ರೈಕಿಗೆ ಔಟ್. ಪಿಚರ್ ಆಚೀಚೆ ಎಸೆದು, ಹೊಡೆಯುವವನು ಬೀಸದೆ ಬಿಟ್ಟರೆ ಅದಕ್ಕೆ ‘ಬಾಲ್’ ಅಂತಲೇ ಹೆಸರು. ಅಂಥವು ನಾಲ್ಕಾದರೆ ಬ್ಯಾಟು ಕೆಳಗಿಟ್ಟು ಒಂದನೇ ಬೇಸಿಗೆ ನಡೆದುಕೊಂಡು ಹೋಗಬಹುದು. ಅದಕ್ಕೆ ವಾಕ್ ಅನ್ನುತ್ತಾರೆ. ಈ ವಾಕ್ ಒಂದನ್ನು ಮರೆಯದೆ ಹೇಳಿಕೊಡಿ. ಇದು ಗೊತ್ತಿಲ್ಲದಿದ್ದರೆ ನನ್ನ ಪುಸ್ತಕದ ಕೊನೆ ಅರ್ಥವಾಗುತ್ತಲೇ ಇರಲಿಲ್ಲ.

ಆಡುವಾಗ ಮೊದಲ ಹುಡುಗ ಹುಟ್ಟಿನಲ್ಲಿ ಚೆಂಡನ್ನು ಬಾರಿಸಿ, ರನ್ ಇದೆಯಾ ಇಲ್ಲವಾ ಅಂತ ನೋಡುತ್ತಾ ಅಲ್ಲೇ ನಿಂತ. ಕ್ರಿಕೆಟ್ ಅಭ್ಯಾಸ. ಬೇಸ್‌ಬಾಲಿನಲ್ಲಿ ಚೆಂಡು ಮುಂದಕ್ಕೆ ಹೋಯಿತು ಅಂದರೆ ಓಡಲೇಬೇಕು. ಎರಡನೆಯವನು ಹಿಂದಕ್ಕೆ ಚಂದ ಮಾಡಿ ಕಟ್ ಮಾಡಿದ, ಎಲ್ಲರೂ ಚಪ್ಪಾಳೆ ಹೊಡೆದರು, ನಾನು ಫೌಲ್ ಅಂದೆ. ಅವನ ಮುಖ ನೋಡಬೇಕಿತ್ತು.

ಓಡುವವನಿಗೆ ಚೆಂಡಿನಲ್ಲಿ ಹೊಡೆದು ಔಟ್ ಮಾಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಲಗೋರಿ ಆಡಿದ ಮಕ್ಕಳಲ್ವಾ. ಹಳೆಯ ಕಾಲದಲ್ಲಿ ಅಲ್ಲೂ ಹಾಗೇ ಹೊಡೆಯುತ್ತಿದ್ದರು. 1845ರಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬಿನವರು ಬರೆದಿಟ್ಟ ನಿಯಮದಲ್ಲಿ ಅದನ್ನು ನಿಲ್ಲಿಸಿದರು. ಇದನ್ನು ಹೇಳಿದಾಗ ಮಕ್ಕಳಿಗೆ ಬೇಸರವಾಯಿತು. ಒಳ್ಳೆ ಆಟವನ್ನು ಹಾಳು ಮಾಡಿದರು ಅನ್ನುವುದು ಬಹುಮತ.

ಇನ್ನೊಂದು ತಯಾರಿ. ಪುಸ್ತಕದಲ್ಲಿ ಮಕ್ಕಳು ಎಡವುವಂಥ ಸಂಗತಿಯನ್ನು ನೀವು ಮೊದಲೇ ಓದಿ ಗುರುತಿಸಿಕೊಳ್ಳಿ. ನಮ್ಮದರಲ್ಲಿ ಟಿವಿಯಲ್ಲಿ ಮ್ಯಾಚು ನೋಡುವ ಒಂದು ಜಾಗ ಬರುತ್ತದೆ, ಅಲ್ಲಿ ಎಲ್ಲ ಆಟಗಾರರ ಬೆನ್ನ ಮೇಲೂ 42 ಇರುತ್ತದೆ. ಪ್ರಿಂಟ್ ಮಿಸ್ಟೇಕ್ ಅಂದರು ಮಕ್ಕಳು. ಅದು ಜಾಕಿ ರಾಬಿನ್ಸನ್ ಅವರ ನಂಬರು. ಕರಿಯರನ್ನು ದೊಡ್ಡ ಲೀಗಿಗೆ ಸೇರಿಸದಿದ್ದ ಕಾಲದಲ್ಲಿ, 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಮೈದಾನಕ್ಕೆ ಇಳಿದವರು. ಈಗ ಪ್ರತಿ ವರ್ಷ ಆ ದಿನ ಎಲ್ಲರೂ 42 ಹಾಕಿಕೊಂಡೇ ಆಡುತ್ತಾರೆ. ಇಷ್ಟು ಹೇಳಲು ಎರಡು ನಿಮಿಷ ಸಾಕು. ನಮ್ಮವರು ಯಾರಾದರೂ ಆಡಿದ್ದಾರಾ ಅಂತಲೂ ಕೇಳುತ್ತಾರೆ. ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಹುಡುಗರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಟಿವಿ ಸ್ಪರ್ಧೆಯೊಂದರಲ್ಲಿ ಆಯ್ಕೆಯಾಗಿ 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದ್ದರು. ಕೋಲ್ಕತ್ತಾ ಟೀಮಿನ ರಿಂಕು ಬೇರೆ ಅಂತ ತಿಳಿಸಲು ಮಾತ್ರ ನನಗೆ ಹತ್ತು ನಿಮಿಷ ಹಿಡಿಯಿತು.

ನಿ ಮತ್ತು ಉ

ಪುಸ್ತಕ ಇಂಗ್ಲಿಷಿನದ್ದು, ಇರುವುದು ಒಂದೇ ಪ್ರತಿ. ನಾನು ದಿನಕ್ಕೆ ಹತ್ತು ಪುಟ ನೋಡಿಕೊಂಡು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಪಿಚರ್, ಕ್ಯಾಚರ್, ಬೇಸ್ ಎಲ್ಲ ಹಾಗೇ ಬಿಟ್ಟೆ. ಎಂಟು ಒಂಬತ್ತನೇ ಕ್ಲಾಸಿನವರು ಒಂದೊಂದು ರಾತ್ರಿ ಮನೆಗೆ ಒಯ್ದು ತಾವೇ ಓದಿಕೊಂಡರು.

ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಪುಟದ ನಂಬರು, ಮೇಲೆ ಅಡ್ಡಸಾಲಿಗೆ ಮಕ್ಕಳ ಹೆಸರು. ಪ್ರತಿ ದಿನ ಓದು ಮುಗಿದ ಕೂಡಲೇ ಒಬ್ಬೊಬ್ಬರೇ ಬಂದು ಗುರುತು ಹಾಕಬೇಕು. ಆಕಳಿಕೆ ಬಂದ ಕಡೆ ‘ನಿ’, ಅಂದರೆ ನಿದ್ದೆ. ಉಸಿರು ಬಿಗಿಹಿಡಿದ ಕಡೆ ‘ಉ’. ಬೇರೆ ಏನೂ ಬರೆಯಬಾರದು. ಏನೂ ಅನಿಸದಿದ್ದರೆ ಖಾಲಿ ಬಿಡಬಹುದು, ಯಾಕೆ ಖಾಲಿ ಅಂತ ಯಾರೂ ಕೇಳಬಾರದು.

ಮೊದಲ ಎರಡು ದಿನ ಯಾರೂ ‘ನಿ’ ಹಾಕುವುದಿಲ್ಲ. ಹೆದರಿಕೆ. ಮೂರನೇ ದಿನ ನಾನೇ ನನ್ನ ಹೆಸರಿನ ಕೆಳಗೆ, ಕೋಚು ಭಾಷಣ ಮಾಡುವ 23ನೇ ಪುಟಕ್ಕೆ ದೊಡ್ಡದಾಗಿ ‘ನಿ’ ಹಾಕಿದೆ. ಅಷ್ಟೇ ಬೇಕಿತ್ತು. ಐದೇ ನಿಮಿಷದಲ್ಲಿ ಆ ಸಾಲಿಗೆ ಒಂಬತ್ತು ‘ನಿ’ ಬಿದ್ದವು. ಅದರಲ್ಲಿ ಅರ್ಧ ಸುಳ್ಳು ಅಂತ ನನಗೆ ಗೊತ್ತು. ಒಂದು ವಾರದಲ್ಲಿ ಅದು ತನ್ನಷ್ಟಕ್ಕೆ ಸರಿಯಾಗುತ್ತದೆ, ಬೈಯಬೇಡಿ.

61ರಿಂದ 74ನೇ ಪುಟದವರೆಗೆ ಅತಿ ಹೆಚ್ಚು ‘ನಿ’. ಮಳೆ ಬಂದು ಮ್ಯಾಚು ನಿಂತುಹೋಗುತ್ತದೆ, ಹುಡುಗ ಮನೆಯಲ್ಲಿರುತ್ತಾನೆ, ಅಜ್ಜನ ಕೋಣೆಯಲ್ಲಿ ರೇಡಿಯೋದಲ್ಲಿ ಬೇರೆ ಊರಿನ ಕಾಮೆಂಟರಿ. ಬೇರೇನೂ ಆಗುವುದಿಲ್ಲ. ಹದಿನಾಲ್ಕು ಪುಟ! ನಾನೇ ಬೇಜಾರಾಗಿ ಬೇಗ ಬೇಗ ಓದಿ ದಾಟಿಸಿದ್ದೆ. ಹದಿನೇಳು ಮಕ್ಕಳು ‘ನಿ’ ಹಾಕಿದರು. ಒಬ್ಬಳು ಮಾತ್ರ 73ಕ್ಕೆ ‘ಉ’ ಹಾಕಿದಳು. ಕೈತಪ್ಪಿ ಹಾಕಿದಳೇನೋ ಅಂದುಕೊಂಡೆ.

ಕೇಳಬೇಕಾದ ಪ್ರಶ್ನೆ

ಪುಸ್ತಕ ಮುಗಿದಮೇಲೆ ಒಂದು ದಿನ ಬಿಡಿ. ಆಮೇಲೆ ಆ ನೋಟ್‌ಬುಕ್ಕು ನಡುವೆ ಇಟ್ಟುಕೊಂಡು ಸುತ್ತ ಕೂರಿ. ಹೇಗಿತ್ತು ಅಂತ ಕೇಳಿದಿರೋ, ಕೆಟ್ಟಿತು. ಎಲ್ಲರೂ ಚೆನ್ನಾಗಿತ್ತು ಅನ್ನುತ್ತಾರೆ, ನೀವೂ ಸಂತೋಷ ಅಂದು ಎದ್ದು ಹೋಗಬೇಕಾಗುತ್ತದೆ.

ಗುರುತು ತೋರಿಸಿ ಕೇಳಿ. ಇಲ್ಲಿ ‘ನಿ’ ಹಾಕಿದ್ದೀಯಲ್ಲ, ನಿದ್ದೆ ಬರುವ ಮೊದಲು ಏನಾಗ್ತಾ ಇತ್ತು? ಯಾರ ಮೇಲೆ ಸಿಟ್ಟು ಬಂತು? ಮನೆಗೆ ಹೋಗಿ ಯಾರಿಗೆ ಏನು ಹೇಳಿದೆ? ಈ ಕೊನೆಯ ಪ್ರಶ್ನೆ ನನಗೆ ಅಚಾನಕ್ ಸಿಕ್ಕಿದ್ದು. ಒಬ್ಬ ಹುಡುಗ ಮನೆಯಲ್ಲಿ ಅಜ್ಜಿಗೆ ‘ಅವನು ಎರಡನೇ ಬೇಸ್ ಕದ್ದ’ ಅಂತ ಹೇಳಿದನಂತೆ. ಪಿಚರ್ ಎಸೆಯುವಾಗ ಓಡುವವನು ಮುಂದಿನ ಬೇಸಿಗೆ ನುಗ್ಗುವುದಕ್ಕೆ ಬೇಸ್ ಕದಿಯುವುದು ಅಂತಲೇ ಹೆಸರು. ಅಜ್ಜಿ ಕೇಳಿದರಂತೆ, “ಅದನ್ನ ಮಾರಿದ್ರೆ ಎಷ್ಟು ಬರ್ತದೆ?” ಅಜ್ಜಿಗೆ ತಿಳಿಸಲು ಅವನು ಅಂಗಳದಲ್ಲಿ ನಾಲ್ಕು ತೆಂಗಿನಕಾಯಿ ಇಟ್ಟು ಓಡಿ ತೋರಿಸಿದ. ಇಡೀ ಪುಸ್ತಕದಲ್ಲಿ ಅವನಿಗೆ ಆ ಓಟವೇ ಎಲ್ಲಕ್ಕಿಂತ ಇಷ್ಟ ಅಂತ ನನಗೆ ಬೇರೆ ಹೇಳಬೇಕಾ?

ಗ್ಲೌಸಿನ ವಿಷಯ ಬಂದಾಗ ಮಾತು ನಿಂತಿತು. ಎಡಗೈಯವರು ಬಲಗೈಗೆ ಗ್ಲೌಸು ಹಾಕುತ್ತಾರೆ, ಎಸೆಯುವ ಕೈ ಖಾಲಿ ಇರಬೇಕಲ್ಲ. ಅಜ್ಜನ ಗ್ಲೌಸು ಹಾಕಿದರೆ ಈ ಬಲಗೈ ಹುಡುಗನ ಎಸೆಯುವ ಕೈಯೇ ಮುಚ್ಚಿಹೋಗುತ್ತದೆ. ಇದು ಬಾಯಲ್ಲಿ ಹೇಳಿದರೆ ಯಾರಿಗೂ ತಲೆಗೆ ಹೋಗಲಿಲ್ಲ. ಒಬ್ಬನ ಬಲಗೈಗೆ ಬಟ್ಟೆಯ ಕೈಚೀಲ ಕಟ್ಟಿ ಚೆಂಡು ಎಸೆದೆ. ಹಿಡಿದ. ಈಗ ವಾಪಸ್ ಎಸೆ ಅಂದೆ. ಚೀಲ ಬಿಚ್ಚಲು ಒದ್ದಾಡಿದ, ಹಲ್ಲಿನಿಂದ ಎಳೆದ, ಅಷ್ಟರಲ್ಲಿ ಎದುರಿನ ಹುಡುಗಿ ಎರಡು ಬೇಸ್ ದಾಟಿ ಕೈ ತಟ್ಟುತ್ತಿದ್ದಳು. ಒಳಗೆ ಬಂದು ಕೂತಮೇಲೆ ಒಬ್ಬಳು ಮೆಲ್ಲಗೆ ಹೇಳಿದಳು, ಐದನೇ ಕ್ಲಾಸಿಗೆ ಹೋದ ಮೊದಲ ದಿನ ಅಕ್ಕನ ಯೂನಿಫಾರ್ಮ್ ಹಾಕಿಕೊಂಡು ತಾನೂ ಹೀಗೇ ಮೂಲೆಯಲ್ಲಿ ನಿಂತಿದ್ದೆ ಅಂತ. ರೈಟ್ ಫೀಲ್ಡ್ ಅಂದರೆ ಏನು ಅಂತ ಆಮೇಲೆ ನಾನು ವಿವರಿಸಬೇಕಾಗಿ ಬರಲಿಲ್ಲ. ಹೆಚ್ಚಿನವರು ಬಲಗೈಯಲ್ಲಿ ಹೊಡೆಯುವುದರಿಂದ ಚೆಂಡು ಜಾಸ್ತಿ ಎಡಗಡೆಗೇ ಹೋಗುತ್ತದೆ, ಅದಕ್ಕೇ ಮಕ್ಕಳ ಟೀಮಿನಲ್ಲಿ ಆಡಲು ಬಾರದವನು ಬಲಮೂಲೆಗೆ. ನಮ್ಮಲ್ಲಿ ಕಾಲುವೆ ಪಕ್ಕ ಫೀಲ್ಡಿಂಗಿಗೆ ನಿಲ್ಲಿಸುವುದಿಲ್ಲವಾ, ಹಾಗೆ.

ಇನ್ನು ಆ ಜಗಳ. ಕೊನೆಯ ಇನ್ನಿಂಗ್ಸು, ರನ್ ಸಮ, ಇಬ್ಬರು ಔಟ್, ಮೂರು ಬೇಸಿನಲ್ಲೂ ಒಬ್ಬೊಬ್ಬ ನಿಂತಿದ್ದಾನೆ. ನಮ್ಮ ಹುಡುಗ ಬ್ಯಾಟು ಹಿಡಿಯುತ್ತಾನೆ. ಎರಡು ಸ್ಟ್ರೈಕ್, ಮೂರು ಬಾಲ್. ಕೊನೆಯ ಚೆಂಡು ಕೆಳಗೆ ಬರುತ್ತದೆ, ಅವನು ಬೀಸುವುದಿಲ್ಲ. ನಾಲ್ಕನೇ ಬಾಲ್. ವಾಕ್. ಇವನು ಒಂದನೇ ಬೇಸಿಗೆ ನಡೆದರೆ ಅಲ್ಲಿದ್ದವನು ಎರಡಕ್ಕೆ, ಎರಡರವನು ಮೂರಕ್ಕೆ, ಮೂರರವನು ಹೋಮಿಗೆ. ಗೆದ್ದರು.

“ಇದೆಂತ ಗೆಲುವು? ವೈಡ್‌ನಲ್ಲಿ ಗೆದ್ದ ಹಾಗಾಯ್ತು” ಅಂತ ಎಂಟನೇ ಕ್ಲಾಸಿನವನು ಎದ್ದು ನಿಂತ. ವೈಡಿನಲ್ಲಿ ಗೆದ್ದವರು ಪಟಾಕಿ ಹೊಡೆಯುವುದಿಲ್ಲ ಅನ್ನುವುದು ಅವನ ವಾದ. ಪುಸ್ತಕ ಬರೆದವರು ಮೋಸ ಮಾಡಿದ್ದಾರೆ, ಇಷ್ಟು ದಿನ ಕಾಯಿಸಿ ಒಂದು ಹೊಡೆತ ಕೂಡ ಕೊಡಲಿಲ್ಲ. ಹುಡುಗರಲ್ಲಿ ಹೆಚ್ಚಿನವರು ಅವನ ಕಡೆ. ಆಗ ಆರನೇ ಕ್ಲಾಸಿನ ಹುಡುಗಿ, ಸಂಜೆ ಅಜ್ಜನ ಜೊತೆ ಹೊಳೆಗೆ ಗಾಳ ಹಾಕಲು ಹೋಗುವವಳು, ಹೇಳಿದಳು: “ಸುಮ್ನೆ ನಿಲ್ಲೋದು ಸುಲಭ ಅಲ್ಲ. ಮೀನು ಸಣ್ಣದಾಗಿ ಎಳೆದಾಗ ಕೈ ತಡೀಲಿಕ್ಕೆ ಆಗೂದಿಲ್ಲ. ಎತ್ತಿದ್ರೆ ಹೋಯ್ತು.” ಎಂಟನೇ ಕ್ಲಾಸಿನವನು ಒಪ್ಪಲಿಲ್ಲ. ಮೀನು ಬೇರೆ, ಮ್ಯಾಚು ಬೇರೆ ಅಂದ. ಎರಡು ದಿನ ಇದೇ ನಡೆಯಿತು.

ಇಂಥ ಹೊತ್ತಿನಲ್ಲಿ ನೀವು ಮಾಡಬೇಕಾದದ್ದು ಬಾಯಿ ಮುಚ್ಚಿಕೊಂಡು ಇರುವುದು. ನನಗೆ ಹುಡುಗಿಯ ಮಾತು ಹಿಡಿಸಿತ್ತು. ಮುಖದಲ್ಲಿ ತೋರಿಸಿದ್ದರೆ ಮರುದಿನ ಎಲ್ಲರಿಗೂ ಅದೇ ಅಭಿಪ್ರಾಯ ಆಗಿಬಿಡುತ್ತಿತ್ತು. ಕೈ ಎತ್ತಿಸಿ ವೋಟು ಹಾಕಿಸುವುದೂ ಬೇಡ. ನಕ್ಷತ್ರ ಕೊಡಿಸುವುದನ್ನು ಒಂದು ಸಲ ಮಾಡಿ ನೋಡಿದೆ, ಒಬ್ಬ 5ಕ್ಕೆ 7 ಕೊಟ್ಟ. ಯಾಕೋ ಅಂದರೆ, ಪುಸ್ತಕದ ವಾಸನೆ ಚಲೋ ಇದೆ ಅಂದ.

ಬರೆಸುವಾಗ

ಮಾತಾಡಿ ಮುಗಿದ ಮೇಲೆಯೇ ಬರೆಸಿ. ಅರ್ಧ ಹಾಳೆಗಿಂತ ಜಾಸ್ತಿ ಕೊಡಬೇಡಿ, ಇಡೀ ಹಾಳೆ ಕೊಟ್ಟರೆ ತುಂಬಿಸಲಿಕ್ಕಾಗಿ ‘ಪಲ’ ಮತ್ತೆ ಬರುತ್ತದೆ. ಪುಟದ ನಂಬರಿನಿಂದ ಶುರು ಮಾಡಿ ಅನ್ನುವುದು ನಾನು ಹಾಕಿದ ಒಂದೇ ಷರತ್ತು. ‘112ನೇ ಪುಟದಲ್ಲಿ’ ಅಂತ ಬರೆದ ಕೈ ಆಮೇಲೆ ‘ಕತೆ ತುಂಬಾ ಚೆನ್ನಾಗಿದೆ’ ಅಂತ ಬರೆಯುವುದಿಲ್ಲ. ಬೇಕಾದರೆ ಪರೀಕ್ಷೆ ಮಾಡಿ ನೋಡಿ.

ನಮ್ಮಲ್ಲಿ ಅರ್ಧ ಮಕ್ಕಳ ಮನೆಮಾತು ಕೊಂಕಣಿ. ಕನ್ನಡದಲ್ಲಿ ಬರೆ ಅಂದರೆ ಪಾಠಪುಸ್ತಕದ ಕನ್ನಡ ಬರುತ್ತದೆ, ಮಾತು ಸಾಯುತ್ತದೆ. ಅದಕ್ಕೆ ಜೋಡಿ ಮಾಡಿಸಿದೆ. ಒಬ್ಬ ಕೊಂಕಣಿಯಲ್ಲಿ ಹೇಳುವುದು, ಎರಡೂ ಬರುವ ಇನ್ನೊಬ್ಬ ಕನ್ನಡದಲ್ಲಿ ಬರೆಯುವುದು, ಆಮೇಲೆ ಅದಲು ಬದಲು. ಕೆಂಪು ಪೆನ್ನು ಮುಟ್ಟಬೇಡಿ. ಕಾಗುಣಿತ ತಿದ್ದಲು ಶಾಲೆ ಇದೆ.

ಇಲ್ಲಿ ನನ್ನ ಇನ್ನೊಂದು ತಪ್ಪು. ಒಬ್ಬ ಹುಡುಗ ಬರೆದಿದ್ದ: ‘48ನೇ ಪುಟದಲ್ಲಿ ಅಪ್ಪ ಮ್ಯಾಚಿಗೆ ಬರುತ್ತೇನೆ ಅಂತ ಹೇಳಿ ಬರಲಿಲ್ಲ. ಬರುವುದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು.’ ಎಷ್ಟು ಚೆನ್ನಾಗಿ ಬರೆದಿದ್ದಾನೆ ಅಂತ ಖುಷಿಯಾಗಿ ಎಲ್ಲರೆದುರು ಓದಿಬಿಟ್ಟೆ. ಓದಿ ಮುಗಿಸಿ ತಲೆ ಎತ್ತಿದರೆ ಅವನು ಇರಲಿಲ್ಲ. ನಾಲ್ಕು ದಿನ ಬರಲಿಲ್ಲ. ಐದನೇ ದಿನ ಅವನ ಮನೆಗೆ ಹೋದೆ. ಅವನ ಅಜ್ಜಿ ಮುರುಗಲು ಪಾನಕ ಕೊಟ್ಟರು, ಅವನು ಹಿತ್ತಲಿನಿಂದ ಹೊರಗೆ ಬರಲಿಲ್ಲ. ಹಾಳೆಯನ್ನು ಅಜ್ಜಿಯ ಕೈಗೆ ಕೊಟ್ಟು, ಇದು ಅವನದ್ದು, ಅವನೇ ಇಟ್ಟುಕೊಳ್ಳಲಿ ಅಂದು ಬಂದೆ. ವಾರದ ಮೇಲೆ ಬಂದ. ಆ ಮಾತು ಇಬ್ಬರೂ ಎತ್ತಲಿಲ್ಲ. ಅಂದಿನಿಂದ ಪ್ರತಿ ಹಾಳೆಯ ಮೂಲೆಯಲ್ಲಿ ಒಂದೋ ಎರಡೋ ಗೀಟು ಹಾಕಿಸುತ್ತೇನೆ. ಒಂದು ಗೀಟು ಹೊಡೆದರೆ ಅಕ್ಕೋರು ಮಾತ್ರ ಓದಬಹುದು, ಎರಡೂ ಹೊಡೆದರೆ ಗೋಡೆಗೆ ಹಚ್ಚಬಹುದು. ಅರ್ಧಕ್ಕಿಂತ ಹೆಚ್ಚು ಹಾಳೆಗೆ ಒಂದೇ ಗೀಟು ಇರುತ್ತದೆ.

73ನೇ ಪುಟಕ್ಕೆ ‘ಉ’ ಹಾಕಿದವಳ ಹಾಳೆಗೆ ಎರಡೂ ಗೀಟು ಇದ್ದವು, ಹಾಗಾಗಿ ಹೇಳಬಹುದು. ಅವಳು ಬರೆದದ್ದು ಮೂರೇ ಸಾಲು. ‘73ನೇ ಪುಟದಲ್ಲಿ ಬೆಳಗ್ಗೆ ಆದರೂ ರೇಡಿಯೋ ಹಾಡುತ್ತಾ ಇತ್ತು. ಅಜ್ಜ ಮಲಗುವ ಮೊದಲು ದಿನಾ ಆಫ್ ಮಾಡುತ್ತಿದ್ದರು ಅಂತ 30ನೇ ಪುಟದಲ್ಲಿ ಇದೆ. ಹುಡುಗ ಬಾಗಿಲು ತೆರೆಯುವುದು ಬೇಡ ಅಂತ ಅನಿಸಿತು.’ ನಾನು ಪುಸ್ತಕ ತೆಗೆದು ನೋಡಿದೆ. ಹಾಗೇ ಇತ್ತು. ಅಜ್ಜ ಹೋದರು ಅಂತ ಎಲ್ಲೂ ನೇರವಾಗಿ ಬರೆದಿಲ್ಲ. 75ನೇ ಪುಟದಲ್ಲಿ ಗ್ಲೌಸು ಹುಡುಗನ ಕೋಣೆಯಲ್ಲಿ ಇದೆ, ಅಷ್ಟೇ. ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದವಳು ನಾನೇ, ನನಗೇ ತಿಳಿದಿರಲಿಲ್ಲ.

ಗೋಡೆಗೆ ಹಚ್ಚುವುದು

ಒಂದಕ್ಕೊಂದು ವಿರುದ್ಧ ಇರುವ ಹಾಳೆಗಳನ್ನು ಅಕ್ಕಪಕ್ಕ ಹಚ್ಚಿ. ವೈಡಿನವನದ್ದೂ ಗಾಳದವಳದ್ದೂ ನಮ್ಮಲ್ಲಿ ಒಟ್ಟಿಗೇ ಇದ್ದವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ, ಹಾಗಾಗಿ ಮಳೆ ಶುರುವಾದಮೇಲೆ ಗಂಡಸರೂ ಪೇಪರ್ ಓದಲು ಲೈಬ್ರರಿಗೆ ಬರುತ್ತಾರೆ. ಅವರು ಈ ಎರಡು ಹಾಳೆ ಓದಿ ತಾವೇ ಎರಡು ಪಕ್ಷವಾದರು. ಬೇಸ್‌ಬಾಲ್ ಅಂದರೆ ಏನು ಅಂತ ಕೇಳಿದವರು ಕೂಡ.

ಕರಾವಳಿಯ ಮಳೆಗಾಲದಲ್ಲಿ ಅಂಟು ಹಾಕಿ ಹಚ್ಚಿದರೆ ಹದಿನೈದು ದಿನಕ್ಕೆ ಹಾಳೆ ಬೂಸ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಫೋಲ್ಡರಿಗೆ ಹಾಕಿ ದಾರದಲ್ಲಿ ನೇತುಹಾಕಿ. ‘ನಿ’ ‘ಉ’ ಗುರುತಿನ ಪಟ್ಟಿಯನ್ನು, ಹೆಸರಿರುವ ಸಾಲು ಕತ್ತರಿಸಿ ತೆಗೆದು, ಪುಸ್ತಕದ ಹಿಂದಿನ ರಟ್ಟಿನ ಒಳಗೆ ಸೇರಿಸಿ ಇಡಿ. ಮುಂದೆ ಓದುವವರಿಗೆ ಎಲ್ಲಿ ಏನಿದೆ ಅಂತ ಗೊತ್ತಾಗುತ್ತದೆ.

ಅದರಿಂದ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ. ಈ ವರ್ಷ ಒಂಬತ್ತನೇ ಕ್ಲಾಸಿನ ಒಬ್ಬಳು, ಹೊಸದಾಗಿ ಊರಿಗೆ ಬಂದವಳು, ಆ ಪುಸ್ತಕ ಒಯ್ದಳು. ಪಟ್ಟಿ ನೋಡಿದಳು, 61ರಿಂದ 74ಕ್ಕೆ ಸಾಲುಸಾಲು ‘ನಿ’ ಇರುವುದು ಕಂಡಿತು, ಅಷ್ಟನ್ನೂ ಬಿಟ್ಟು ಓದಿದಳು. ನಾಲ್ಕನೇ ದಿನ ಪುಸ್ತಕ ವಾಪಸ್ ತಂದು ಮೇಜಿನ ಮೇಲೆ ಇಟ್ಟು, ಹೋಗದೆ ಅಲ್ಲೇ ನಿಂತಳು.

“ಅಕ್ಕೋರೆ, ಅವನ ಅಜ್ಜ ಎಲ್ಲಿ ಹೋದ್ರು?”

ನಾನು ಪುಸ್ತಕವನ್ನು ರಿಜಿಸ್ಟರಿಗೆ ಏರಿಸದೆ ಅವಳ ಕೈಗೇ ವಾಪಸ್ ಕೊಟ್ಟೆ.